ಕಾಂಡ್ಲಾ ನೆಟ್ಟರೆ ಕಡಲ್ಕೊರೆತ ನಿಲ್ಲುತ್ತಾ?

ಜೂನ್ ಬಂತು ಅಂದರೆ ಕರಾವಳಿಯ ಪತ್ರಿಕೆಗಳಲ್ಲಿ ಅದೇ ಚಿತ್ರಗಳು. ಬೇರು ಮೇಲೆದ್ದು ಸಮುದ್ರದ ಕಡೆ ವಾಲಿದ ತೆಂಗಿನ ಮರ. ಅರ್ಧ ಕುಸಿದ ಡಾಂಬರು ರಸ್ತೆ. ಟಿಪ್ಪರ್‌ನಿಂದ ದಡಕ್ಕೆ ಬೀಳುತ್ತಿರುವ ಕರಿಕಲ್ಲು. ಒಂದು ವರ್ಷ ಉಳ್ಳಾಲ, ಸೋಮೇಶ್ವರ. ಇನ್ನೊಂದು ವರ್ಷ ಮರವಂತೆ. ಮತ್ತೊಂದು ವರ್ಷ ಹೊನ್ನಾವರದ ಪಾವಿನಕುರ್ವೆ. ಹಾಕಿದ ಕಲ್ಲು ಮರಳಿನಲ್ಲಿ ಹೂತು ಹೋಗುವುದನ್ನು ನೋಡಿ ನೋಡಿ ದಡದ ಜನರಿಗೂ ಸಾಕಾಗಿದೆ. ಹಾಗಾಗಿ ಈಗೀಗ ಇನ್ನೊಂದು ಮಾತು ಜೋರಾಗಿ ಕೇಳುತ್ತಿದೆ: ಕಲ್ಲು ಬೇಡ, ಕಾಂಡ್ಲಾ ನೆಡೋಣ. ಹೊಳೆ ಸಮುದ್ರ ಸೇರುವ ಅಳಿವೆಯ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಮರಗಳೇ ಈ ಕಾಂಡ್ಲಾ.

ಸರ್ಕಾರವೂ ಈ ಕಡೆ ತಿರುಗಿದೆ. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ‘ಮಿಷ್ಟಿ’ ಅನ್ನುವ ಯೋಜನೆ ಘೋಷಿಸಿತು. ಐದು ವರ್ಷದಲ್ಲಿ ದೇಶದ ಕರಾವಳಿಯಲ್ಲಿ ಸುಮಾರು 540 ಚದರ ಕಿ.ಮೀ. ಜಾಗದಲ್ಲಿ ಕಾಂಡ್ಲಾ ಬೆಳೆಸುವುದು, ಹಾಳಾದದ್ದನ್ನು ಸರಿಪಡಿಸುವುದು ಅದರ ಗುರಿ. ದೇಶದಲ್ಲಿ ಈಗ ಇರುವ ಕಾಂಡ್ಲಾ ಕಾಡೇ ಸುಮಾರು 4,990 ಚದರ ಕಿ.ಮೀ. ಅಂದರೆ ಇರುವುದರ ಹತ್ತನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ. ಸಣ್ಣ ಗುರಿ ಅಲ್ಲ.

ನನಗೂ ಕಾಂಡ್ಲಾ ಬೇಕು. ಆದರೆ ಎಲ್ಲರ ಬಾಯಲ್ಲೂ ಬರುತ್ತಿರುವ ‘ನೆಡೋಣ’ ಅನ್ನುವ ಮಾತಿನಲ್ಲೇ ತೊಂದರೆ ಇದೆ ಅನ್ನಿಸುತ್ತದೆ. ಕಾಂಡ್ಲಾ ತನ್ನನ್ನು ತಾನೇ ನೆಟ್ಟುಕೊಳ್ಳುವ ಗಿಡ. ಅದಕ್ಕೆ ಬೇಕಾದದ್ದು ಕೆಸರು, ಉಬ್ಬರದ ನೀರು ಬಂದು ಹೋಗುವ ದಾರಿ, ಹಿಂದಕ್ಕೆ ಸರಿಯಲು ಒಂದಿಷ್ಟು ಜಾಗ. ಇವನ್ನು ಕಿತ್ತುಕೊಂಡವರು ನಾವೇ. ಅವನ್ನು ವಾಪಸ್ ಕೊಡದೆ ಬರೀ ಗಿಡ ಕೊಟ್ಟರೆ ಗಿಡವೂ ಸಾಯುತ್ತದೆ, ದಡವೂ ಹೋಗುತ್ತದೆ.

ಇಳಿತದ ಹೊತ್ತಿಗೆ ನೋಡಿದರೆ

ಕುಮಟಾದ ಅಘನಾಶಿನಿ ಅಳಿವೆಗೋ, ಕುಂದಾಪುರದ ಪಂಚಗಂಗಾವಳಿಗೋ ನೀರು ಇಳಿದ ಹೊತ್ತಿಗೆ ಹೋಗಿ. ದೋಣಿಯಿಂದ ಕೆಳಗೆ ಕಾಲಿಟ್ಟರೆ ಮೊಣಕಾಲಿನವರೆಗೆ ಹೂತು ಹೋಗುತ್ತದೆ. ಆ ಕೆಸರನ್ನು ಬೆರಳಲ್ಲಿ ಉಜ್ಜಿ ನೋಡಿ. ಮರಳಿನ ಕಣ ಸಿಗುವುದಿಲ್ಲ. ಅರೆದ ಹಿಟ್ಟಿನಷ್ಟು ನುಣ್ಣಗೆ, ಕಪ್ಪಗೆ, ಕೊಳೆತ ಎಲೆಯ ವಾಸನೆಯ ಜೊತೆ ಇರುತ್ತದೆ. ಹತ್ತು ಮಾರು ಆಚೆ ಹೊಳೆಯ ಹರಿವಿನಲ್ಲಿ ಇಂಥ ಕೆಸರು ಇಲ್ಲ. ಕಾಂಡ್ಲಾದ ಬುಡದಲ್ಲಿ ಮಾತ್ರ ಇದೆ. ಯಾಕೆ?

ಉತ್ತರ ಎದುರಿಗೇ ನಿಂತಿದೆ. ರೈಜೋಫೋರಾ ಜಾತಿಯ ಮರಕ್ಕೆ ಕಾಂಡದ ಮಧ್ಯದಿಂದಲೇ ಬೇರುಗಳು ಹೊರಟು, ಬಿಲ್ಲಿನ ಹಾಗೆ ಬಾಗಿ ಕೆಸರಿಗೆ ಇಳಿದಿರುತ್ತವೆ. ಒಂದೊಂದು ಮರಕ್ಕೂ ಹತ್ತಾರು ಊರುಗೋಲು. ಪಕ್ಕದಲ್ಲಿ ಅವಿಸೀನಿಯಾ ಅನ್ನುವ ಇನ್ನೊಂದು ಜಾತಿಯ ಕಾಂಡ್ಲಾ ಇದ್ದರೆ ಅದರ ಬೇರು ಕೆಳಗಿನಿಂದ ಮೇಲಕ್ಕೆ, ಪೆನ್ಸಿಲ್ ನೆಟ್ಟ ಹಾಗೆ ಸಾವಿರಗಟ್ಟಲೆ ಎದ್ದಿರುತ್ತದೆ. ಕೆಸರಿನೊಳಗೆ ಗಾಳಿ ಇಲ್ಲ. ಹಾಗಾಗಿ ಬೇರು ಉಸಿರಾಡಲು ಹೊರಗೆ ಬರಬೇಕು. ಉಸಿರಿಗೆ ಅಂತ ಎದ್ದ ಈ ಬೇರುಗಳ ನಡುವೆ ಉಬ್ಬರದ ನೀರು ನುಗ್ಗುವಾಗ ಅದರ ವೇಗ ಕುಗ್ಗುತ್ತದೆ. ವೇಗ ಕುಗ್ಗಿದ ನೀರು ಹೊತ್ತು ತಂದ ಮಣ್ಣನ್ನು ಅಲ್ಲೇ ಕೆಳಗೆ ಬಿಡುತ್ತದೆ. ದಿನಕ್ಕೆ ಎರಡು ಉಬ್ಬರ. ಪ್ರತಿ ಸಲವೂ ಒಂದು ಪದರ, ಕಣ್ಣಿಗೆ ಕಾಣದಷ್ಟು ತೆಳು. ವರ್ಷಗಳು ಕಳೆದಂತೆ ನೆಲ ಮೇಲೇರುತ್ತದೆ. ಕಲ್ಲಿನ ಗೋಡೆ ಕಟ್ಟಿದ ದಿನದಿಂದ ಸವೆಯುತ್ತಾ ಹೋಗುತ್ತದೆ. ಕಾಂಡ್ಲಾದ ಪಟ್ಟಿ ಕೆಸರು ಸಿಗುವವರೆಗೆ ಬೆಳೆಯುತ್ತಾ ಹೋಗುತ್ತದೆ.

ಮಳೆಗಾಲದಲ್ಲಿ ಹೋದರೆ ರೈಜೋಫೋರಾದ ಕೊಂಬೆಗಳಲ್ಲಿ ನುಗ್ಗೆಕಾಯಿ ತೂಗುಬಿದ್ದ ಹಾಗೆ ಹಸಿರು ಕೋಡುಗಳು ಕಾಣಿಸುತ್ತವೆ. ಅದು ಕಾಯಿ ಅಲ್ಲ, ಗಿಡವೇ. ಈ ಮರದ ಬೀಜ ತಾಯಿಮರದ ಮೇಲೇ ಮೊಳೆತು, ಗೇಣುದ್ದ, ಕೆಲವು ಜಾತಿಯಲ್ಲಿ ಮೊಳದುದ್ದ ಬೆಳೆದು ಆಮೇಲೆ ಬೀಳುತ್ತದೆ. ಇಳಿತದಲ್ಲಿ ಬಿದ್ದರೆ ಕೆಸರಿಗೆ ಚುಚ್ಚಿಕೊಂಡು ಅಲ್ಲೇ ನಿಲ್ಲುತ್ತದೆ. ಉಬ್ಬರದಲ್ಲಿ ಬಿದ್ದರೆ ತೇಲಿ ಹೋಗಿ ಎಲ್ಲಿ ನೀರು ನಿಧಾನವಾಗುತ್ತದೋ ಅಲ್ಲಿ ಬೇರು ಬಿಡುತ್ತದೆ. ವಾರಗಟ್ಟಲೆ ಉಪ್ಪುನೀರಲ್ಲಿ ತೇಲಿದರೂ ಬದುಕಿರುತ್ತದೆ. ಇಷ್ಟು ಗಟ್ಟಿ ಗಿಡ ಒಂದು ಜಾಗದಲ್ಲಿ ತಾನಾಗಿ ಬೆಳೆದಿಲ್ಲ ಅಂದರೆ, ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ನೆಡುವ ಮೊದಲು ಆ ಕಾರಣ ಹುಡುಕಬೇಕು, ಅಲ್ವಾ?

ರಕ್ಷಣೆ ಎಷ್ಟು ಅನ್ನುವುದಕ್ಕೆ ಲೆಕ್ಕ ಇದೆ. 100 ಮೀಟರ್ ಅಗಲದ ಕಾಂಡ್ಲಾ ಪಟ್ಟಿ ಅಲೆಯ ಎತ್ತರವನ್ನು ಶೇ 13ರಿಂದ 66ರಷ್ಟು ಇಳಿಸುತ್ತದೆ ಅಂತ ಬೇರೆ ಬೇರೆ ದೇಶಗಳ ಅಳತೆಗಳು ಹೇಳುತ್ತವೆ. ಅಂತರ ಇಷ್ಟು ಯಾಕೆ ಅಂದರೆ ಎಲ್ಲವೂ ಬೇರಿನ ದಟ್ಟಣೆ, ನೀರಿನ ಆಳ, ಮರದ ವಯಸ್ಸಿನ ಮೇಲೆ ನಿಂತಿದೆ. 1999ರ ಒಡಿಶಾ ಚಂಡಮಾರುತದಲ್ಲಿ ಕೇಂದ್ರಾಪಾರಾ ಜಿಲ್ಲೆಯ ಹಳ್ಳಿಗಳನ್ನು ಹೋಲಿಸಿ ನೋಡಿದಾಗ, ಸಮುದ್ರಕ್ಕೂ ಊರಿಗೂ ನಡುವೆ ಅಗಲವಾದ ಕಾಂಡ್ಲಾ ಉಳಿದಿದ್ದ ಕಡೆ ಸಾವು ಕಡಿಮೆ ಇತ್ತು. 2004ರ ಸುನಾಮಿಯಲ್ಲಿ ತಮಿಳುನಾಡಿನ ಪಿಚ್ಚಾವರಂ ಸುತ್ತ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಪೆಟ್ಟು ಕಡಿಮೆ ಬಿತ್ತು. ಆದರೆ ಇವೆಲ್ಲ ಹಳೆಯ, ದಟ್ಟ, ಅಗಲವಾದ ಕಾಡಿನ ಲೆಕ್ಕ. ಮೊನ್ನೆ ನೆಟ್ಟ ಎರಡು ಸಾಲು ಸಸಿಗೆ ಈ ಅಂಕಿ ಅಂಟಿಸುವುದು ಸರಿಯಲ್ಲ.

ಮರಳಿನ ದಡದಲ್ಲಿ ಕಾಂಡ್ಲಾ ಇಲ್ಲ

ಈಗ ಕಹಿ ಮಾತು. ಕರ್ನಾಟಕದ ಕಡಲ್ಕೊರೆತದ ಬಹುಪಾಲು ಆಗುತ್ತಿರುವುದು ಬಯಲು ಸಮುದ್ರಕ್ಕೆ ಎದೆಕೊಟ್ಟ ಮರಳಿನ ದಡದಲ್ಲಿ. ಉಳ್ಳಾಲ, ಮರವಂತೆ ಎಲ್ಲ ಅಂಥವೇ. ಅಲ್ಲಿ ಕಾಂಡ್ಲಾ ಬೆಳೆಯುವುದಿಲ್ಲ. ಮಳೆಗಾಲದ ಅಲೆ ಬಡಿಯುವ ಮರಳಿನಲ್ಲಿ ಸಸಿ ಒಂದು ವಾರವೂ ನಿಲ್ಲುವುದಿಲ್ಲ. ಇದನ್ನು ನೇರವಾಗಿ ಹೇಳದೆ ಆ ದಡದ ಜನರಿಗೆ ‘ಕಾಂಡ್ಲಾ ಬರುತ್ತದೆ, ಮನೆ ಉಳಿಯುತ್ತದೆ’ ಅಂತ ಆಸೆ ಹುಟ್ಟಿಸುವುದು ತಪ್ಪು.

ನಮ್ಮಲ್ಲಿ ಕಾಂಡ್ಲಾ ಕಡಿಮೆ ಇರುವುದಕ್ಕೂ ಕಾರಣ ಇದೇ. 2021ರ ಅರಣ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಬರೀ 13 ಚದರ ಕಿ.ಮೀ. ಪಶ್ಚಿಮ ಬಂಗಾಳದ್ದು 2,114, ಗುಜರಾತಿನದ್ದು 1,175. ನಮ್ಮವರು ಪೂರ್ತಿ ಕಡಿದು ಹಾಕಿದರು ಅಂತ ಇದರ ಅರ್ಥ ಅಲ್ಲ, ಕಡಿದದ್ದೂ ನಿಜ. ಗಂಗೆಯಂಥ ಕೆಸರಿನ ನದಿ ನಮಗಿಲ್ಲ. ಉಬ್ಬರ-ಇಳಿತದ ಅಂತರ ನಮ್ಮಲ್ಲಿ ಹೆಚ್ಚೆಂದರೆ ಎರಡು ಮೀಟರ್ ಆಸುಪಾಸು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರ್ ಹತ್ತಿರ ಹೋಗುತ್ತದೆ. ಅಲ್ಲಿ ನೀರು ಬಂದು ಹೋಗುವ ಬಯಲು ಕಿಲೋಮೀಟರುಗಟ್ಟಲೆ. ನಮ್ಮಲ್ಲಿ ಅಳಿವೆಯ ಅಂಚಿಗೆ ಒಂದು ಸಣ್ಣ ಪಟ್ಟಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಪಂಚಗಂಗಾವಳಿ, ಸೀತಾ, ಸ್ವರ್ಣಾ, ನೇತ್ರಾವತಿ ಸಮುದ್ರ ಸೇರುವ ಜಾಗಗಳಲ್ಲಿ, ಹೊಳೆ ನಡುವಿನ ದ್ವೀಪಗಳಾದ ಕುದ್ರುಗಳ ಸುತ್ತ, ಹಿನ್ನೀರಿನ ಬದಿಯಲ್ಲಿ ಅದು ಉಳಿದಿದೆ.

ಹಾಗಂತ ಕಾಂಡ್ಲಾಕ್ಕೂ ಕಡಲ್ಕೊರೆತಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಕೊರೆತ ಬರೀ ಸಮುದ್ರದ ಕಡೆಯಿಂದ ಬರುವುದಿಲ್ಲ. ಕರಾವಳಿಯ ಎಷ್ಟೋ ಊರುಗಳು ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಇರುವ ಸಣ್ಣ ಮರಳಿನ ನಾಲಿಗೆಯ ಮೇಲೆ ಕೂತಿವೆ. ಉಡುಪಿಯ ಕೋಡಿಬೆಂಗ್ರೆ ನೋಡಿ. ಅಲ್ಲಿ ಸಮುದ್ರ ಮುಂದಿನಿಂದ ತಿಂದರೆ ಹೊಳೆ ಹಿಂದಿನಿಂದ ತಿನ್ನುತ್ತದೆ. ಹಿಂದಿನ ಬದಿಯನ್ನು ಕಾಂಡ್ಲಾ ಹಿಡಿದು ನಿಲ್ಲಿಸಬಲ್ಲದು. ಕುದ್ರುವಿನಲ್ಲಿ ಮನೆ ಇದ್ದವರಿಗಂತೂ ಇದು ಬದುಕಿನ ಪ್ರಶ್ನೆ. ದಡದಿಂದ ಒಂದೊಂದೇ ತೆಂಗಿನ ಮರ ಹೊಳೆಗೆ ಬೀಳುವಾಗ ಅವರ ತೋಟ ಮಾತ್ರ ಅಲ್ಲ, ಊರೇ ಸಣ್ಣದಾಗುತ್ತದೆ.

ಮುಂದಿನ ಬದಿಗೆ, ಅಂದರೆ ಮರಳಿನ ದಡಕ್ಕೆ, ಬೇರೆ ಮದ್ದು ಬೇಕು. ಮರಳಿನ ದಿಣ್ಣೆಯನ್ನು ಮುಟ್ಟದೆ ಬಿಡುವುದು, ಅದರ ಮೇಲೆ ಹಬ್ಬುವ ಅಡುಂಬು ಬಳ್ಳಿ, ಕೇದಗೆ, ಸುರಹೊನ್ನೆಯನ್ನು ಉಳಿಸುವುದು. ಎಲ್ಲಕ್ಕಿಂತ ಮೊದಲು ಮರಳು ಬರುವ ದಾರಿ ಬಿಡುವುದು. ದಡದ ಮರಳು ಹೆಚ್ಚಾಗಿ ಘಟ್ಟದಿಂದ ನದಿ ಹೊತ್ತು ತಂದದ್ದು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ ಬಂದವು. ಅಣೆಕಟ್ಟಿನ ಹಿಂದೆ ಮರಳೂ ಕೆಸರೂ ನಿಂತುಬಿಡುತ್ತದೆ. ತಪ್ಪಿಸಿಕೊಂಡು ಬಂದದ್ದನ್ನು ಲಾರಿಗಳು ಎತ್ತಿಕೊಂಡು ಹೋಗುತ್ತವೆ. ಇನ್ನು ಬಂದರಿಗಾಗಿ ಅಳಿವೆ ಬಾಯಲ್ಲಿ ಸಮುದ್ರದೊಳಕ್ಕೆ ಕಟ್ಟುವ ಕಲ್ಲಿನ ದಂಡೆಗಳು. ತೀರದ ಉದ್ದಕ್ಕೂ ಸಾಗುವ ಮರಳನ್ನು ಅವು ಒಂದು ಬದಿಯಲ್ಲಿ ತಡೆದು ನಿಲ್ಲಿಸುತ್ತವೆ, ಇನ್ನೊಂದು ಬದಿ ಬರಿದಾಗುತ್ತದೆ. ಉಳ್ಳಾಲಕ್ಕೆ ಆದ ಕಥೆಯಲ್ಲಿ ಇದರ ಪಾಲು ದೊಡ್ಡದು. ಆಮೇಲೆ ಅಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಸಮುದ್ರದೊಳಗೆ ಕೃತಕ ದಿಬ್ಬ, ಅಲೆತಡೆ ಎಲ್ಲ ಕಟ್ಟಬೇಕಾಯಿತು.

ದೇಶದ ಒಟ್ಟು ಲೆಕ್ಕವೂ ಚಿಂತೆ ಹುಟ್ಟಿಸುವಂಥದ್ದೇ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ನೋಡಿ, ಮುಖ್ಯ ಭೂಭಾಗದ ತೀರದಲ್ಲಿ ಶೇ 33.6ರಷ್ಟು ಕೊರೆಯುತ್ತಿದೆ ಅಂದಿತು. ಕರ್ನಾಟಕದ ತೀರದಲ್ಲಿ ಕೊರೆಯುತ್ತಿರುವುದು ಸುಮಾರು ಕಾಲು ಭಾಗ.

ಲಕ್ಷ ಗಿಡ ನೆಟ್ಟವರ ಪಾಡು

ನೆಟ್ಟ ಗಿಡದ ಲೆಕ್ಕ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಫಿಲಿಪೈನ್ಸ್‌ಗಿಂತ ಒಳ್ಳೆಯ ಪಾಠ ಇಲ್ಲ. ದಶಕಗಳ ಕಾಲ ಅಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ಕಾಂಡ್ಲಾ ನೆಟ್ಟರು. 2008ರಲ್ಲಿ ವಿಜ್ಞಾನಿಗಳು ಹಿಂತಿರುಗಿ ನೋಡಿದಾಗ ದೀರ್ಘಕಾಲ ಉಳಿದದ್ದು ಶೇ 10ರಿಂದ 20 ಮಾತ್ರ. ಶ್ರೀಲಂಕಾದಲ್ಲಿ ಸುನಾಮಿಯ ನಂತರ ನೆರವಿನ ಹಣದಲ್ಲಿ ನೆಟ್ಟದ್ದನ್ನು ಪರಿಶೀಲಿಸಿದಾಗ 23 ಜಾಗಗಳಲ್ಲಿ 9 ಕಡೆ ಒಂದು ಗಿಡವೂ ಇರಲಿಲ್ಲ.

ಯಾಕೆ ಹೀಗಾಯಿತು? ಗಿಡ ನೆಡಲು ಸುಲಭವಾಗಿ ಸಿಗುವ ಜಾಗ ಯಾವುದು, ಯೋಚಿಸಿ. ಕಾಂಡ್ಲಾ ಹಿಂದೆ ಇದ್ದ ಜಾಗ ಈಗ ಸಿಗಡಿ ಕೆರೆ, ಗದ್ದೆ, ಲೇಔಟ್ ಆಗಿದೆ. ಅದಕ್ಕೆ ಯಜಮಾನರಿದ್ದಾರೆ, ಜಗಳ ಇದೆ. ಯಾರ ಹೆಸರಿಗೂ ಇಲ್ಲದ ಜಾಗ ಅಂದರೆ ಅದರ ಮುಂದೆ, ನೀರಿನಲ್ಲಿ ಇರುವ ಕೆಸರಿನ ಬಯಲು. ಅಲ್ಲಿ ನೆಟ್ಟರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದು ದಿನದ ಹೆಚ್ಚಿನ ಹೊತ್ತು ನೀರಿನಡಿ ಇರುವ ಜಾಗ. ಗಿಡಕ್ಕೆ ಉಸಿರು ಕಟ್ಟುತ್ತದೆ. ಅಮೆರಿಕದ ಫ್ಲೋರಿಡಾದಲ್ಲಿ ರಾಬಿನ್ ಲೂಯಿಸ್ ಅನ್ನುವ ಪರಿಸರ ತಜ್ಞರು ಇದನ್ನು ವರ್ಷಗಟ್ಟಲೆ ಕೆಲಸ ಮಾಡಿ ತೋರಿಸಿದರು. ಕಾಂಡ್ಲಾ ನೆಲ ಹೆಚ್ಚು ಕಡಿಮೆ ಮೂರನೇ ಒಂದು ಪಾಲು ಹೊತ್ತು ಮಾತ್ರ ನೀರಿನಡಿ ಇರಬೇಕು. ಅದಕ್ಕಿಂತ ಜಾಸ್ತಿ ಆದರೆ ಸಾಯುತ್ತದೆ. ಅವರ ದಾರಿ ಸರಳ: ನೆಲದ ಎತ್ತರ ಸರಿ ಮಾಡಿ, ತುಂಬಿಸಿದ ಮಣ್ಣು ತೆಗೆದು, ಮುಚ್ಚಿಹೋದ ನೀರಿನ ಕಾಲುವೆ ಬಿಡಿಸಿ. ಬೀಜ ತಾನೇ ತೇಲಿ ಬರುತ್ತದೆ. ಬರಲಿಲ್ಲ ಅಂದರೆ ಆಗ ನೆಡಿ.

ಇನ್ನೊಂದು ತಪ್ಪೂ ಎಲ್ಲ ಕಡೆ ನಡೆಯುತ್ತದೆ. ರೈಜೋಫೋರಾದ ಕೋಡು ಉದ್ದ ಇರುವುದರಿಂದ ಕೈಯಲ್ಲಿ ಹಿಡಿದು ಚುಚ್ಚಲು ಸುಲಭ. ಹಾಗಾಗಿ ಎಲ್ಲಿ ನೋಡಿದರೂ ಅದನ್ನೇ ಸಾಲಾಗಿ ನೆಡುತ್ತಾರೆ. ಆದರೆ ಎಷ್ಟೋ ಕಡೆ ಹೊಸ ಕೆಸರಿಗೆ ಮೊದಲು ಕಾಲಿಡುವುದು ಅವಿಸೀನಿಯಾ, ಸೊನ್ನೆರೇಷಿಯಾ ಜಾತಿಗಳು. ಮುಂದಿನ ಸಾಲಿನಲ್ಲಿ ನಿಲ್ಲಬೇಕಾದವರನ್ನು ಬಿಟ್ಟು ಹಿಂದಿನ ಸಾಲಿನವರನ್ನು ಮುಂದೆ ದೂಡಿದ ಹಾಗೆ.

ನೆಟ್ಟು ಗೆದ್ದವರೂ ಇದ್ದಾರೆ, ಅದನ್ನೂ ಹೇಳಬೇಕು. ಬಾಂಗ್ಲಾದೇಶ 1966ರಿಂದ ತನ್ನ ಕರಾವಳಿಯಲ್ಲಿ ಕಾಂಡ್ಲಾ ನೆಡುತ್ತಾ ಬಂದಿದೆ. ಅಲ್ಲಿ ಬಹಳಷ್ಟು ನೆಟ್ಟದ್ದು ಗಂಗೆ-ಬ್ರಹ್ಮಪುತ್ರದ ಹೂಳಿನಿಂದ ಹೊಸದಾಗಿ ಎದ್ದ ದ್ವೀಪಗಳ ಮೇಲೆ. ಕೆಸರು ಮೊದಲೇ ಇತ್ತು, ಗಿಡ ಅದನ್ನು ಹಿಡಿದುಕೊಂಡಿತು. ನಮ್ಮ ಗಡಿಯಾಚೆ, ಕೇರಳದ ಕಣ್ಣೂರಿನ ಪಳಯಂಗಾಡಿಯಲ್ಲಿ ಕಲ್ಲೇನ್ ಪೊಕ್ಕುಡನ್ ಇದ್ದರು. ಕೃಷಿ ಕೂಲಿ ಮಾಡುತ್ತಿದ್ದವರು. ಹೊಳೆಬದಿಯ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಗಾಳಿ-ಅಲೆಯ ಕಾಟ ತಪ್ಪಲಿ ಅಂತ ಕಾಂಡ್ಲಾ ನೆಡಲು ಶುರು ಮಾಡಿದರು. 2015ರಲ್ಲಿ ತೀರಿಹೋದರು. ಮಲಯಾಳದಲ್ಲಿ ಇದಕ್ಕೆ ‘ಕಂಡಲ್’ ಅನ್ನುತ್ತಾರೆ, ನಮ್ಮ ಕಾಂಡ್ಲಾದ ಅಕ್ಕತಂಗಿ ಪದ. ಊರವರು ಅವರನ್ನೇ ಕಂಡಲ್ ಪೊಕ್ಕುಡನ್ ಅಂತ ಕರೆದರು. ಅವರು ಗೆದ್ದದ್ದು ಆ ಹೊಳೆ ಗೊತ್ತಿದ್ದದ್ದರಿಂದ. ಯಾವ ತಿರುವಿನಲ್ಲಿ ಕೆಸರು ನಿಲ್ಲುತ್ತದೆ ಅನ್ನುವುದು ಬಾಲ್ಯದಿಂದ ಅದೇ ಕೆಸರಿನಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ.

ಡೆಮಾಕ್‌ನ ಬಿದಿರು ಬೇಲಿ

ಇಂಡೊನೇಷ್ಯಾದ ಜಾವಾ ದ್ವೀಪದ ಉತ್ತರ ತೀರದಲ್ಲಿ, ಸೆಮಾರಾಂಗ್ ನಗರದ ಪಕ್ಕ, ಡೆಮಾಕ್ ಅನ್ನುವ ಜಿಲ್ಲೆ ಇದೆ. ಕೊರೆತಕ್ಕೆ ಕಾಂಡ್ಲಾ ಮದ್ದು ಅನ್ನುವವರೆಲ್ಲ ಅದರ ಕಥೆಯನ್ನು ಪೂರ್ತಿ ಕೇಳಬೇಕು.

1980ರ ದಶಕದ ಆಸುಪಾಸಿನಲ್ಲಿ ಅಲ್ಲಿ ಸಿಗಡಿ ಸಾಕಣೆಯ ಭರಾಟೆ ಎದ್ದಿತು. ತೀರದ ಕಾಂಡ್ಲಾ ಕಡಿದು ಕೆರೆ ತೋಡಿದರು. ಕೆಲವು ವರ್ಷ ಕೈತುಂಬಾ ದುಡ್ಡು ಬಂತು. ಆಮೇಲೆ ಸಮುದ್ರ ಕೆರೆಯ ಒಡ್ಡು ಒಡೆಯಿತು. ಮುಂದಿನ ಕೆರೆ ಹೋಯಿತು, ಅದರ ಹಿಂದಿನದು ಹೋಯಿತು, ಊರು ಬಂತು. ಕೆಲವು ಕಡೆ ಸಮುದ್ರ ಕಿಲೋಮೀಟರಿಗೂ ಜಾಸ್ತಿ ಒಳಗೆ ಬಂದಿದೆ. ಬೆದೊನೊ, ತಿಂಬುಲ್‌ಸ್ಲೋಕೊ ಊರುಗಳಲ್ಲಿ ಮನೆಯ ನೆಲವನ್ನು ಮತ್ತೆ ಮತ್ತೆ ಎತ್ತರಿಸಿ, ಕೊನೆಗೆ ತಲೆ ತಗ್ಗಿಸಿ ಬಾಗಿಲು ದಾಟುವ ಹಾಗಾಯಿತು. ಗೋಡೆ ಕಟ್ಟಿದರೆ ಅದೂ ನಿಲ್ಲಲಿಲ್ಲ. ಗಟ್ಟಿ ಗೋಡೆಗೆ ಬಡಿದ ಅಲೆ ತಿರುಗಿ ಹೋಗುವಾಗ ಬುಡದ ಕೆಸರನ್ನೇ ಕಿತ್ತುಕೊಂಡು ಹೋಗುತ್ತದೆ. ಗಿಡ ನೆಟ್ಟರೂ ನಿಲ್ಲಲಿಲ್ಲ, ನೆಲ ಆಗಲೇ ತುಂಬಾ ತಗ್ಗಿತ್ತು.

2013ರ ಹೊತ್ತಿಗೆ ಬೇರೆ ದಾರಿ ಹಿಡಿದರು. ಇಂಡೊನೇಷ್ಯಾ ಸರ್ಕಾರ, ಜೌಗು ಪ್ರದೇಶಗಳಿಗಾಗಿ ದುಡಿಯುವ ಸಂಸ್ಥೆ ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಷನಲ್, ನೆದರ್ಲೆಂಡ್ಸ್‌ನ ತಜ್ಞರು ಮತ್ತು ಊರವರು ಸೇರಿ ಸಮುದ್ರದಲ್ಲಿ ಎರಡು ಸಾಲು ಗೂಟ ನೆಟ್ಟು, ನಡುವೆ ಸೊಪ್ಪುಕಡ್ಡಿ ತುಂಬಿ ಬೇಲಿ ಹಾಕಿದರು. ಬೇಲಿಯ ಸಂದಿಯಿಂದ ನೀರು ಒಳಗೆ ಬರುತ್ತದೆ, ಅಲೆಯ ಬಲ ಮಾತ್ರ ಹೊರಗೇ ಉಳಿಯುತ್ತದೆ. ಒಳಗೆ ಸುಮ್ನೆ ನಿಂತ ನೀರು ಕೆಸರು ಇಳಿಸುತ್ತದೆ. ಕಾಂಡ್ಲಾದ ಬೇರು ಮಾಡುವ ಕೆಲಸವನ್ನೇ, ಕಾಂಡ್ಲಾ ಬರುವ ತನಕ, ಬೇಲಿ ಮಾಡುತ್ತದೆ. ನೆಲ ಮೇಲೆ ಬಂದ ಕಡೆ ಸಸಿ ತಾನಾಗೇ ಹುಟ್ಟಿತು. ಜೊತೆಗೆ ಮೀನು ಸಾಕುವವರಿಗೆ ಕೆಸರಿನಲ್ಲೇ ಪಾಠಶಾಲೆ ನಡೆಸಿ, ರಾಸಾಯನಿಕ ಕಡಿಮೆ ಮಾಡಿ ಇಳುವರಿ ಹೆಚ್ಚಿಸುವುದು ಕಲಿಸಿದರು. ಹೊಳೆಯಂಚಿನ ಕೆರೆಯ ಒಂದು ಪಾಲನ್ನು ಕಾಂಡ್ಲಾಕ್ಕೆ ಬಿಟ್ಟುಕೊಡಲು ಜನ ಒಪ್ಪಿದ್ದು ಆಮೇಲೆ. 2022ರಲ್ಲಿ ವಿಶ್ವಸಂಸ್ಥೆ ಜಗತ್ತಿನ ಹತ್ತು ಮಾದರಿ ಪುನಶ್ಚೇತನ ಕೆಲಸಗಳಲ್ಲಿ ಇದನ್ನೂ ಹೆಸರಿಸಿತು.

ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಕಥೆ. ಆದರೆ ಕಥೆ ಮುಗಿದಿಲ್ಲ. ಮರದ ಗೂಟಗಳನ್ನು ಕಡಲ ಹುಳುಗಳು ಕೊರೆದು ಹಾಕಿದವು, ಬೇಲಿಯನ್ನು ಪದೇ ಪದೇ ರಿಪೇರಿ ಮಾಡಬೇಕಾಯಿತು. ಅದಕ್ಕಿಂತ ದೊಡ್ಡದು ನೆಲದ ಕುಸಿತ. ಸೆಮಾರಾಂಗ್ ಮತ್ತು ಅದರ ಕಾರ್ಖಾನೆಗಳು ಬೋರ್‌ವೆಲ್ ಹೊಡೆದು ಹೊಡೆದು ಅಂತರ್ಜಲ ಎತ್ತುತ್ತಿವೆ. ನೆಲ ವರ್ಷಕ್ಕೆ ಹಲವು ಸೆಂಟಿಮೀಟರ್, ಕೆಲವೆಡೆ 10 ಸೆಂ.ಮೀ.ವರೆಗೂ ಇಳಿಯುತ್ತಿದೆ. ಬೇಲಿ ಹಿಡಿದ ಕೆಸರಿನಷ್ಟೇ ವೇಗದಲ್ಲಿ ನೆಲ ಕೆಳಗೆ ಹೋಗುತ್ತಿದ್ದರೆ ಯಾವ ಗಿಡ ಏನು ಮಾಡೀತು? ಊರಿನವರು ಎಲ್ಲವನ್ನೂ ಸರಿಯಾಗಿ ಮಾಡಿದರೂ, ದೂರದ ನಗರದ ಬೋರ್‌ವೆಲ್ ಅವರ ಕೆಲಸ ಕೆಡಿಸಿತು. ಈ ಕಥೆಯಲ್ಲಿ ನನಗೆ ತುಂಬಾ ನೋವು ಕೊಡುವುದು ಇದೇ ಭಾಗ.

ಗಜನಿಯ ಲೆಕ್ಕ

ಈಗ ವಾಪಸ್ ಅಘನಾಶಿನಿಗೆ ಬರೋಣ. ಶಿರಸಿಯಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟು ಒಂದೂ ಇಲ್ಲದೆ ಸಮುದ್ರ ಸೇರುವ ಹೊಳೆ ಇದು. ಹಾಗಾಗಿ ಕೆಸರು ಇನ್ನೂ ಬರುತ್ತಿದೆ, ಉಪ್ಪು-ಸಿಹಿಯ ಲೆಕ್ಕ ತಪ್ಪಿಲ್ಲ. ಪಕ್ಕದ ಶರಾವತಿಯಲ್ಲಿ ವಿದ್ಯುತ್ತಿಗೆ ಬಳಸಿದ ನೀರು ಬೇಸಿಗೆಯಲ್ಲೂ ಕೆಳಗೆ ಬರುವುದರಿಂದ ಅಳಿವೆಯ ಉಪ್ಪು ಇಳಿದು ಹೋಗಿದೆ. ಅಘನಾಶಿನಿಯಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕಿ ಬದುಕುವ ಮನೆಗಳು ಇವತ್ತಿಗೂ ಸಾವಿರಾರು. 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು.

ಇಲ್ಲಿ ಗಜನಿ ಅನ್ನುವ ಭೂಮಿ ಇದೆ. ಅಳಿವೆಯ ಬಯಲಿಗೆ ಒಡ್ಡು ಹಾಕಿ ಮಾಡಿದ ಗದ್ದೆ. ಮಳೆಗಾಲದಲ್ಲಿ ಉಪ್ಪು ತೊಳೆದು ಹೋದಾಗ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಡೆದುಕೊಳ್ಳುವ ತಳಿ ಅದು. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲು ಆದ ಮೇಲೆ ಒಡ್ಡಿನ ಬಾಗಿಲು ತೆಗೆದು ಉಬ್ಬರದ ನೀರು ಬಿಟ್ಟರೆ ಸಿಗಡಿ, ಮೀನು, ಏಡಿ ತಾವಾಗಿ ಒಳಗೆ ಬರುತ್ತವೆ. ಕಗ್ಗದ ಕೂಳೆ ಅವಕ್ಕೆ ಮೇವು.

ಹಳೆಯ ಒಡ್ಡು ಮಣ್ಣಿನದು. ಅದರ ಹೊರಗೆ ಕಾಂಡ್ಲಾ ಇರುತ್ತಿತ್ತು. ಅಲೆ ಮೊದಲು ಕಾಂಡ್ಲಾಕ್ಕೆ ತಾಗಿ, ಸೋತು, ಆಮೇಲೆ ಒಡ್ಡಿಗೆ ಮುಟ್ಟುತ್ತಿತ್ತು. ಹಾಗಾಗಿ ಬರೀ ಮಣ್ಣೇ ಸಾಕಾಗುತ್ತಿತ್ತು. ವರ್ಷಕ್ಕೊಮ್ಮೆ ಊರವರು ಸೇರಿ ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಸರ್ಕಾರದಿಂದ ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡು ಬಂತು, ಕಲ್ಲಿನದು, ಕಾಯಂ ಆದದ್ದು. ಇನ್ನು ಕಾಂಡ್ಲಾ ಯಾಕೆ ಬೇಕು ಅನ್ನಿಸಿತು. ಕಟ್ಟುವಾಗ ಕಡಿದದ್ದೂ ಹೋಯಿತು, ಉಳಿದದ್ದು ಸೌದೆಗೆ ಹೋಯಿತು. ಒಟ್ಟಿಗೆ ಒಡ್ಡು ಕಟ್ಟುವ ರೂಢಿಯೂ ತಪ್ಪಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಅಲೆ ಬಂತು. ಗಜನಿ ಗುತ್ತಿಗೆಗೆ ಹೋಯಿತು, ಕಗ್ಗ ಹಿಂದೆ ಬಿತ್ತು. ಸಿಗಡಿಗೆ ರೋಗ ತಾಗಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದಲ್ಲಿ ಸಿಗಡಿ ಉದ್ಯಮದ ಕೆರೆ ಕೂಡದು ಅಂದಿತು. ನೋಡುವವರಿಲ್ಲದೆ ಎಷ್ಟೋ ಕಲ್ಲಿನ ಒಡ್ಡುಗಳು ಅಲ್ಲಲ್ಲಿ ಬಾಯಿಬಿಟ್ಟವು.

ಒಡ್ಡು ಒಡೆದ, ಬೀಳುಬಿಟ್ಟ ಗಜನಿಯಲ್ಲಿ ಈಗ ಏನಾಗುತ್ತಿದೆ ಗೊತ್ತಾ? ಕಾಂಡ್ಲಾ ತಾನಾಗಿ ವಾಪಸ್ ಬರುತ್ತಿದೆ. ಯಾರೂ ನೆಡದೆ. ಎತ್ತರ ಸರಿ ಇದೆ, ಕೆಸರಿದೆ, ಉಬ್ಬರ ಬಂದು ಹೋಗುತ್ತದೆ. ಫ್ಲೋರಿಡಾದ ಪಾಠ ಕುಮಟಾದ ಗಜನಿಯಲ್ಲಿ ಕಣ್ಣೆದುರು ನಡೆಯುತ್ತಿದೆ.

ಆದರೆ ಗಜನಿಯ ರೈತನಿಗೆ ಇದು ಸಂತೋಷದ ಸುದ್ದಿ ಅಲ್ಲ, ಅವನ ದಿಗಿಲು ಸುಳ್ಳೂ ಅಲ್ಲ. ಗದ್ದೆಯಲ್ಲಿ ಕಾಂಡ್ಲಾ ಬೆಳೆದರೆ ಕಡಿಯುವಂತಿಲ್ಲ. ಕರಾವಳಿ ನಿಯಂತ್ರಣ ನಿಯಮದಲ್ಲಿ ಕಾಂಡ್ಲಾ ಇರುವ ಜಾಗ ಅತಿ ಸೂಕ್ಷ್ಮ ವಲಯ. 1,000 ಚದರ ಮೀಟರ್‌ಗಿಂತ ಜಾಸ್ತಿ ಇದ್ದರೆ ಸುತ್ತ 50 ಮೀಟರ್ ಕಾವಲು ಪಟ್ಟಿ. 2019ರ ಅಧಿಸೂಚನೆ ಖಾಸಗಿ ಜಮೀನಿನ ಕಾಂಡ್ಲಾಕ್ಕೆ ಆ ಪಟ್ಟಿ ಬೇಡ ಅಂದಿದೆ. ಗಿಡದ ರಕ್ಷಣೆ ಮಾತ್ರ ಹಾಗೇ ಇದೆ. ಅಂದರೆ ಪಹಣಿ ಅವನ ಹೆಸರಲ್ಲಿ, ಭೂಮಿ ಕೈಯಲ್ಲಿಲ್ಲ. ಹೀಗಿರುವಾಗ ಸಣ್ಣ ಸಸಿ ಕಂಡ ತಕ್ಷಣ ಕಿತ್ತು ಹಾಕಬೇಕು ಅಂತ ಅವನಿಗೆ ಅನ್ನಿಸಿದರೆ ಅವನನ್ನು ಬೈದು ಏನು ಪ್ರಯೋಜನ? ಕಾಯಿದೆ ಕಾಂಡ್ಲಾವನ್ನು ಕಾಪಾಡುತ್ತದೆ, ಆದರೆ ಅದಕ್ಕೆ ಜಾಗ ಬಿಟ್ಟವನಿಗೆ ಏನೂ ಕೊಡುವುದಿಲ್ಲ.

ನನ್ನ ಪ್ರಕಾರ ‘ಮಿಷ್ಟಿ’ಯ ಹಣ ಹೋಗಬೇಕಾದದ್ದು ಇಲ್ಲಿಗೆ. ಸಸಿಯ ಚೀಲಕ್ಕೆ, ನಾಮಫಲಕಕ್ಕೆ ಅಲ್ಲ. ಗಜನಿ ಒಡ್ಡಿನ ಹೊರಗೆ ಒಂದು ಪಟ್ಟಿ ಕಾಂಡ್ಲಾಕ್ಕೆ ಅಂತ ಬಿಟ್ಟರೆ ಒಡ್ಡಿನ ಖರ್ಚು ಇಳಿಯುತ್ತದೆ, ಒಳಗೆ ಕಗ್ಗ ಉಳಿಯುತ್ತದೆ. ಸಾಗುವಳಿ ಮಾಡಲು ಯಾರಿಗೂ ಮನಸ್ಸಿಲ್ಲದ, ಒಡ್ಡು ಪೂರ್ತಿ ಹೋದ ಗಜನಿಯನ್ನು ಯಜಮಾನನ ಒಪ್ಪಿಗೆ ಪಡೆದು, ವರ್ಷ ವರ್ಷ ಬಾಡಿಗೆ ಕೊಟ್ಟು ಕಾಂಡ್ಲಾಕ್ಕೆ ಬಿಡಬಹುದು. ಸಾಗುವಳಿ ನಡೆಯುತ್ತಿರುವ ಗಜನಿಯ ಒಳಗೆ ಹುಟ್ಟಿದ ಸಸಿ ತೆಗೆಯಲು ರೈತನಿಗೆ ಸ್ಪಷ್ಟ ಅವಕಾಶ ಇರಬೇಕು. ಎಲ್ಲಿ ಗದ್ದೆ, ಎಲ್ಲಿ ಕಾಡು ಅನ್ನುವ ಗೆರೆಯನ್ನು ಊರಿನವರು, ಬಳಚು ಹೆಕ್ಕುವವರು, ದೋಣಿಯವರು, ಅರಣ್ಯ ಇಲಾಖೆ ಕೂತು ಎಳೆಯಬೇಕು. ಬಳಚು ಹೆಕ್ಕುವವರನ್ನು ಬಿಡುವ ಹಾಗಿಲ್ಲ. ಬಳಚು ಸಿಗುವ ತೆರೆದ ಕೆಸರು-ಮರಳಿನ ದಿಬ್ಬಕ್ಕೆ ಗಿಡ ನೆಟ್ಟರೆ, ಬಹುಪಾಲು ಹೆಂಗಸರೇ ಮಾಡುವ ಆ ಕೆಲಸ ಹೋಗುತ್ತದೆ. ನೆಟ್ಟ ಗಿಡವೂ ಅಲ್ಲಿ ಉಳಿಯುವುದಿಲ್ಲ.

ಆಡಳಿತದ ಮಟ್ಟಿಗೆ ಒಂದು ಮಾದರಿ ಹತ್ತಿರದಲ್ಲೇ ಇದೆ. ಬಾಂಬೆ ಹೈಕೋರ್ಟ್ 2005ರಲ್ಲಿ ಕಾಂಡ್ಲಾ ಕಡಿಯುವುದನ್ನು ತಡೆದ ಮೇಲೆ ಮಹಾರಾಷ್ಟ್ರ 2012ರಲ್ಲಿ ಕಾಂಡ್ಲಾಕ್ಕೆ ಅಂತಲೇ ಅರಣ್ಯ ಇಲಾಖೆಯಲ್ಲಿ ಪ್ರತ್ಯೇಕ ವಿಭಾಗ ಮಾಡಿತು. ನಮ್ಮಲ್ಲಿ ಇರುವುದು ಸಣ್ಣ ಪ್ರದೇಶ. ಕೆಲಸ ಅಷ್ಟೇ ಸುಲಭ ಆಗಬೇಕಿತ್ತು.

ಕಾಲವೂ ಜಾಸ್ತಿ ಇಲ್ಲ. ಜಗತ್ತಿನ ಸಮುದ್ರ ಮಟ್ಟ ಈಗ ವರ್ಷಕ್ಕೆ ಸುಮಾರು 4 ಮಿ.ಮೀ. ಏರುತ್ತಿದೆ. ಈ ಏರಿಕೆ 6-7 ಮಿ.ಮೀ. ದಾಟಿದರೆ ಕಾಂಡ್ಲಾ ಕೆಸರು ಕಟ್ಟಿಕೊಂಡು ಅದರ ಜೊತೆ ಮೇಲೇರುವುದು ಕಷ್ಟ ಅನ್ನುತ್ತಾರೆ ವಿಜ್ಞಾನಿಗಳು. ಆಗ ಅದು ಹಿಂದಕ್ಕೆ, ನೆಲದ ಕಡೆಗೆ ಸರಿಯಬೇಕು. ಸರಿಯುವ ಜಾಗದಲ್ಲಿ ಕಾಂಪೌಂಡ್ ಗೋಡೆ, ರಸ್ತೆ, ರೆಸಾರ್ಟ್ ಇದ್ದರೆ ಮುಂದೆ ನೀರು, ಹಿಂದೆ ಗೋಡೆ, ನಡುವೆ ಅದು ಮುಳುಗುತ್ತದೆ. ಇವತ್ತು ಅಳಿವೆಯ ಅಂಚಿನಲ್ಲಿ ಮಣ್ಣು ತುಂಬಿಸಿ ಸೈಟ್ ಮಾಡಲು ಕೊಡುವ ಒಂದೊಂದು ಅನುಮತಿಯೂ ಮೂವತ್ತು ವರ್ಷದ ನಂತರದ ಕಾಂಡ್ಲಾದ ಜಾಗವನ್ನು ಮುಚ್ಚುತ್ತಿದೆ.

ಮುಂದಿನ ಸಲ ನಿಮ್ಮೂರ ಹೊಳೆಬದಿಯಲ್ಲಿ ಕಾಂಡ್ಲಾ ನೆಡುವ ಕಾರ್ಯಕ್ರಮಕ್ಕೆ ಕರೆದರೆ ಖಂಡಿತ ಹೋಗಿ. ಹೋದಾಗ ಕೇಳಿ: ಈ ಜಾಗ ದಿನಕ್ಕೆ ಎಷ್ಟು ಹೊತ್ತು ನೀರಿನಡಿ ಇರುತ್ತದೆ? ಇಲ್ಲಿ ಮೊದಲು ಕಾಂಡ್ಲಾ ಇತ್ತಾ? ಇದ್ದರೆ ಯಾಕೆ ಹೋಯಿತು? ಹೋದ ವರ್ಷ, ಅದರ ಹಿಂದಿನ ವರ್ಷ ನೆಟ್ಟದ್ದರಲ್ಲಿ ಎಷ್ಟು ಉಳಿದಿವೆ? ಕೊನೆಯದಕ್ಕೆ ಉತ್ತರ ಬಾಯಲ್ಲಿ ಬೇಡ, ಇಳಿತದ ಹೊತ್ತಿಗೆ ಆ ಜಾಗಕ್ಕೇ ಕರೆದುಕೊಂಡು ಹೋಗಲು ಹೇಳಿ.